ಮಕ್ಕಳ ಮೈಗೆ ಸನ್‌ಸ್ಕ್ರೀನ್: ಆರಿಸುವ ಮುನ್ನ ಹೆತ್ತವರು ತಿಳಿದಿರಬೇಕಾದ ವಿಷಯಗಳು

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಮಕ್ಕಳಿಗೆ ರಜೆಯ ಸಂಭ್ರಮ. ಬೆಳಗ್ಗಿನಿಂದ ಮೈದಾನದಲ್ಲಿ ಕ್ರಿಕೆಟ್, ಬೇಸಿಗೆ ಶಿಬಿರ, ಅಜ್ಜಿ ಮನೆಯ ತೋಟ, ಬಿಸಿಲು ಇಳಿಯುವ ಮೊದಲೇ ಪಣಂಬೂರು, ಮಲ್ಪೆ, ಮರವಂತೆ, ಕಾರವಾರದ ಕಡಲತಡಿ. ನವೆಂಬರ್, ಡಿಸೆಂಬರ್ ಬಂದರೆ ಶಾಲಾ ಕ್ರೀಡಾಕೂಟಗಳು. ಹೀಗೆ ವರ್ಷದ ಬಹುಭಾಗ ನಮ್ಮ ಮಕ್ಕಳು ಬಿಸಿಲಿನಲ್ಲಿಯೇ ಇರುತ್ತಾರೆ.

ಹಿಂದೆ ಸನ್‌ಸ್ಕ್ರೀನ್ ಎಂದರೆ ಅದು ದೊಡ್ಡ ಪೇಟೆಯವರ ವಸ್ತು ಎಂಬ ಭಾವನೆ ಇತ್ತು. ಇಂದು ಊರಿನ ಮೆಡಿಕಲ್ ಅಂಗಡಿಗಳಲ್ಲಿಯೂ ಹತ್ತಾರು ಬಗೆಯ ಟ್ಯೂಬ್‌ಗಳಿವೆ. ಗಲ್ಫ್‌ನಿಂದ ರಜೆಗೆ ಬರುವ ಬಂಧುಗಳ ಪೆಟ್ಟಿಗೆಯಲ್ಲಿಯೂ ಒಂದೆರಡು ಇದ್ದೇ ಇರುತ್ತವೆ. ಕೆಲವುಗಳ ಮೇಲೆ ಆಮೆ, ಮೀನುಗಳ ಚಿತ್ರ ಬರೆದು 'ಮಕ್ಕಳಿಗಾಗಿ' ಎಂದು ಮುದ್ರಿಸಿರುತ್ತಾರೆ. ಇವುಗಳಲ್ಲಿ ಯಾವುದು ಒಳ್ಳೆಯದು? ಮಗುವಿನ ಮೈಗೆ ಇದನ್ನು ಹಚ್ಚುವುದು ಸುರಕ್ಷಿತವೇ? ನಮ್ಮ ಬಣ್ಣದ ಮಕ್ಕಳಿಗೆ ಇದರ ಅಗತ್ಯ ನಿಜವಾಗಿಯೂ ಇದೆಯೇ? ಅನೇಕ ಹೆತ್ತವರನ್ನು ಕಾಡುವ ಈ ಪ್ರಶ್ನೆಗಳಿಗೆ ಸರಳವಾಗಿ ಉತ್ತರಿಸುವ ಪ್ರಯತ್ನ ನಮ್ಮದು.

ಒಂದು ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತೇವೆ. ಸನ್‌ಸ್ಕ್ರೀನ್ ಮಗುವನ್ನು ಬೆಳ್ಳಗೆ ಮಾಡುವ ಕ್ರೀಮ್ ಅಲ್ಲ. ಅದು ಬಿಸಿಲಿನಿಂದ ಚರ್ಮ ಸುಡದಂತೆ ಕಾಯುವ ಒಂದು ಸಾಧನ ಮಾತ್ರ. ಅದೂ ನೆರಳು, ಬಟ್ಟೆ, ಟೊಪ್ಪಿಗಳ ನಂತರ ಬರುವ ಸಾಧನ. ಈ ಒಂದು ತಿಳಿವಳಿಕೆ ಇದ್ದರೆ ಅಂಗಡಿಯಲ್ಲಿ ಆಗುವ ಅರ್ಧ ಗೊಂದಲ ತಾನಾಗಿಯೇ ಮಾಯವಾಗುತ್ತದೆ.

ಬಿಸಿಲಿನಲ್ಲಿ ಇರುವುದೇನು?

ಸೂರ್ಯನಿಂದ ನಮಗೆ ಬೆಳಕು ಮತ್ತು ಶಾಖದ ಜೊತೆಗೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಬರುತ್ತವೆ. ಇವುಗಳಲ್ಲಿ ನೆಲವನ್ನು ತಲಪುವವು ಎರಡು ಬಗೆ. ಮೊದಲನೆಯದು ಯು.ವಿ.ಬಿ. ಚರ್ಮ ಕೆಂಪಾಗಿ ಉರಿಯುವುದು, ಸಿಪ್ಪೆ ಏಳುವುದು ಮುಖ್ಯವಾಗಿ ಇದರಿಂದ. ಎರಡನೆಯದು ಯು.ವಿ.ಎ. ನೆಲಕ್ಕೆ ಬೀಳುವ ಅತಿನೇರಳೆ ಕಿರಣಗಳಲ್ಲಿ ಸುಮಾರು 95 ಶೇಕಡಾ ಇದೇ. ಇದು ಚರ್ಮದ ಆಳಕ್ಕೆ ಇಳಿದು ಬಣ್ಣವನ್ನು ಕಂದಿಸುತ್ತದೆ, ವರ್ಷಗಳು ಕಳೆದಂತೆ ಚರ್ಮವನ್ನು ಸಡಿಲಗೊಳಿಸುತ್ತದೆ. ಎರಡೂ ಕಿರಣಗಳು ದೀರ್ಘಕಾಲದಲ್ಲಿ ಚರ್ಮದ ಕ್ಯಾನ್ಸರ್‌ಗೆ ಕಾರಣವಾಗಬಲ್ಲವು.

ಸೆಖೆ ಬೇರೆ, ಅತಿನೇರಳೆ ಕಿರಣ ಬೇರೆ ಎಂಬುದನ್ನು ನಾವು ನೆನಪಿಡಬೇಕು. ಕಡಲ ಗಾಳಿ ತಂಪಾಗಿ ಬೀಸುವಾಗ ಬಿಸಿಲು ತಾಗುವುದು ತಿಳಿಯುವುದಿಲ್ಲ; ಆದರೆ ಕಿರಣ ಕಡಿಮೆಯಾಗಿರುವುದಿಲ್ಲ. ತೆಳು ಮೋಡವಿದ್ದರೂ 80 ಶೇಕಡಾದಷ್ಟು ಅತಿನೇರಳೆ ಕಿರಣ ಕೆಳಗೆ ಬರಬಹುದು. ಒಣ ಮರಳು ಸುಮಾರು 15 ಶೇಕಡಾ, ಅಲೆಯ ನೊರೆ ಸುಮಾರು 25 ಶೇಕಡಾ ಕಿರಣಗಳನ್ನು ಪ್ರತಿಫಲಿಸುತ್ತದೆ. ಅರ್ಧ ಮೀಟರ್ ನೀರಿನ ಅಡಿಯಲ್ಲಿಯೂ ಮೇಲಿರುವ ಕಿರಣದ 40 ಶೇಕಡಾ ಇರುತ್ತದೆ. ಆದುದರಿಂದ ಕಡಲತಡಿಯಲ್ಲಿ ಕೊಡೆಯ ಅಡಿ ಕುಳಿತ ಮಗುವಿಗೂ, ನೀರಿನಲ್ಲಿ ಆಡುವ ಮಗುವಿಗೂ ಬಿಸಿಲು ತಾಗುತ್ತಲೇ ಇರುತ್ತದೆ.

ಕಿರಣದ ತೀವ್ರತೆಯನ್ನು ಅಳೆಯಲು ಯು.ವಿ. ಸೂಚ್ಯಂಕ ಎಂಬ ಅಳತೆಯಿದೆ. 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು. 8ರಿಂದ 10 ಅತಿ ಹೆಚ್ಚು. 11 ದಾಟಿದರೆ ತೀವ್ರ. ಮಂಗಳೂರಿನಿಂದ ಕಾರವಾರದವರೆಗಿನ ನಮ್ಮ ಕರಾವಳಿಯಲ್ಲಿ ಏಪ್ರಿಲ್ ಕೊನೆ, ಮೇ ಮೊದಲ ದಿನಗಳ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಆಕಾಶ ಶುಭ್ರವಾಗಿದ್ದರೆ ಸೂಚ್ಯಂಕ 11 ದಾಟುವುದು ಸಾಮಾನ್ಯ. ನೆರೆಯ ಕೇರಳದಲ್ಲಿ 2025ರ ಬೇಸಿಗೆಯಲ್ಲಿ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಊರೂರಿನ ಯು.ವಿ. ಸೂಚ್ಯಂಕವನ್ನು ಪ್ರಕಟಿಸಿ ಜನರನ್ನು ಎಚ್ಚರಿಸಿತ್ತು. ಇಂದು ಮೊಬೈಲ್‌ನಲ್ಲಿ ಹವಾಮಾನ ತೋರಿಸುವ ಹೆಚ್ಚಿನ ಆ್ಯಪ್‌ಗಳಲ್ಲಿ ಈ ಅಂಕಿ ಸಿಗುತ್ತದೆ.

ಮೊಬೈಲ್ ಇಲ್ಲದಿದ್ದರೆ ಮಕ್ಕಳಿಗೇ ಒಂದು ಉಪಾಯ ಹೇಳಿಕೊಡಬಹುದು: ನಿನ್ನ ನೆರಳು ನಿನಗಿಂತ ಗಿಡ್ಡವಾಗಿದ್ದರೆ ಬಿಸಿಲು ಜೋರು, ನೆರಳಿಗೆ ಬಾ. ನೆರಳು ಉದ್ದವಾಗಿದ್ದರೆ ಆಡಬಹುದು.

ನಮ್ಮ ಬಣ್ಣದ ಮಕ್ಕಳಿಗೆ ಇದು ಬೇಕೇ?

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ದ್ರವ್ಯವೇ ಪ್ರಕೃತಿ ಕೊಟ್ಟ ಸನ್‌ಸ್ಕ್ರೀನ್. 1979ರಲ್ಲಿ ನಡೆದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ ಕಪ್ಪು ಚರ್ಮದ ಮೇಲ್ಪದರವು ಯು.ವಿ.ಬಿ.ಗೆ ಒಡ್ಡುವ ತಡೆ ಸುಮಾರು 13 ಎಸ್.ಪಿ.ಎಫ್.ಗೆ ಸಮ, ಬಿಳಿ ಚರ್ಮದ್ದು ಸುಮಾರು 3. ನಾವು ಭಾರತೀಯರು ಹೆಚ್ಚಾಗಿ ಇವೆರಡರ ನಡುವಿನವರು. ಆದುದರಿಂದಲೇ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಆಸ್ಟ್ರೇಲಿಯಾ, ಯುರೋಪ್‌ಗಳಿಗಿಂತ ಬಹಳ ಕಡಿಮೆ. ಈ ವಿಷಯದಲ್ಲಿ ಹೆತ್ತವರು ಭಯಪಡುವ ಅಗತ್ಯವಿಲ್ಲ. ಶಾಲೆಗೆ ನಡೆದು ಹೋಗುವ ಹತ್ತು ನಿಮಿಷಕ್ಕೆ, ಸಂಜೆ ಐದರ ನಂತರದ ಆಟಕ್ಕೆ ಆರೋಗ್ಯವಂತ ಮಗುವಿಗೆ ಸನ್‌ಸ್ಕ್ರೀನ್ ಹಚ್ಚಲೇಬೇಕೆಂದಿಲ್ಲ.

ಆದರೆ 13 ಎಂಬುದು ಇಡೀ ದಿನದ ಬಿಸಿಲಿಗೆ ಸಾಲದು. ನಡುಹಗಲಿನಲ್ಲಿ ಗಂಟೆಗಟ್ಟಲೆ ಕಡಲತಡಿಯಲ್ಲಿ, ಈಜುಕೊಳದಲ್ಲಿ, ಕ್ರೀಡಾಕೂಟದಲ್ಲಿ ಇರುವ ಕಂದು ಬಣ್ಣದ ಮಗುವಿನ ಚರ್ಮವೂ ಸುಡುತ್ತದೆ. ಕೆಂಪು ಎದ್ದು ಕಾಣದ ಕಾರಣ ನಮಗೆ ಅದು ತಿಳಿಯುವುದು ರಾತ್ರಿ ಮಗು ಮೈ ಉರಿ ಎಂದು ಅಳುವಾಗ. ಮಕ್ಕಳ ಚರ್ಮ ದೊಡ್ಡವರದಕ್ಕಿಂತ ತೆಳು ಎಂಬುದನ್ನೂ ಗಮನಿಸಬೇಕು.

ಇನ್ನು ಕೆಲವು ಮಕ್ಕಳಿಗೆ ಸನ್‌ಸ್ಕ್ರೀನ್ ಆಯ್ಕೆಯ ವಿಷಯವೇ ಅಲ್ಲ, ಅದು ಅವರ ಔಷಧವಿದ್ದಂತೆ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ ಅಥವಾ ತೀರಾ ಕಡಿಮೆಯಿರುವ ಆಲ್ಬಿನಿಸಂ ಇರುವ ಮಕ್ಕಳು ಇವರಲ್ಲಿ ಮೊದಲಿಗರು. ನಮ್ಮ ಊರುಗಳಲ್ಲಿ ಇಂತಹ ಮಕ್ಕಳಿಗೆ ಅಡ್ಡಹೆಸರು ಸಿಗುತ್ತದೆಯೇ ಹೊರತು ಅವರ ಚರ್ಮಕ್ಕೆ ಬೇಕಾದ ರಕ್ಷಣೆ ಸಿಗುವುದು ಕಡಿಮೆ. ಅವರಿಗೆ ಪ್ರತಿದಿನ ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿ, ಸನ್‌ಸ್ಕ್ರೀನ್ ಬೇಕೇ ಬೇಕು. ಶಾಲೆಯಲ್ಲಿ ಬಿಸಿಲಿನ ಕವಾಯತಿನಿಂದ ವಿನಾಯಿತಿ, ಟೊಪ್ಪಿ ಧರಿಸಲು ಅನುಮತಿ ಕೊಡುವುದು ಶಿಕ್ಷಕರ ಕೈಯಲ್ಲಿದೆ. ವಿಶ್ವಸಂಸ್ಥೆಯು ಜೂನ್ 13ನ್ನು ಆಲ್ಬಿನಿಸಂ ಜಾಗೃತಿ ದಿನವೆಂದು ಆಚರಿಸುತ್ತದೆ. ನಮ್ಮ ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೇ ಈ ದಿನ ಬರುತ್ತದೆ. ತೊನ್ನು, ಲೂಪಸ್ ಇರುವ ಮಕ್ಕಳು ಹಾಗೂ ಬಿಸಿಲಿಗೆ ಚರ್ಮ ಬೇಗ ಸುಡುವಂತೆ ಮಾಡುವ ಡಾಕ್ಸಿಸೈಕ್ಲಿನ್‌ನಂತಹ ಔಷಧ ಸೇವಿಸುತ್ತಿರುವವರು ಕೂಡ ವೈದ್ಯರನ್ನು ಕೇಳಿ ನಡೆದುಕೊಳ್ಳಬೇಕು.

ಮೊದಲು ನೆರಳು, ಬಟ್ಟೆ, ಟೊಪ್ಪಿ

ಆಸ್ಟ್ರೇಲಿಯಾದಲ್ಲಿ 1981ರಲ್ಲಿ ಆರಂಭವಾದ ಜನಜಾಗೃತಿಯ ಪ್ರಚಾರ ಇಂದಿಗೂ ಜನಪ್ರಿಯ. ಅದರ ಮೂರು ಮಾತುಗಳ ಅನುಕ್ರಮ ಗಮನಾರ್ಹ: ಅಂಗಿ ತೊಡು, ಸನ್‌ಸ್ಕ್ರೀನ್ ಹಚ್ಚು, ಟೊಪ್ಪಿ ಹಾಕು. 2007ರಲ್ಲಿ ಇದಕ್ಕೆ ನೆರಳಿಗೆ ಹೋಗು, ತಂಪು ಕನ್ನಡಕ ಧರಿಸು ಎಂಬ ಇನ್ನೆರಡು ಮಾತುಗಳು ಸೇರಿದವು. ಐದರಲ್ಲಿ ನಾಲ್ಕು ಯಾವ ಕ್ರೀಮೂ ಬೇಡದ ಉಪಾಯಗಳು.

ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ಒಳಗೆ ಕಡಲಿಗೆ ಹೋಗುವುದನ್ನು ತಪ್ಪಿಸಿದರೆ ಅರ್ಧ ಕೆಲಸ ಮುಗಿದಂತೆ. ತೆಳುವಾದ ಬಿಳಿ ಹತ್ತಿ ಬನಿಯನ್ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ. ಒದ್ದೆಯಾದರಂತೂ ಇನ್ನೂ ಕಡಿಮೆ. ಒತ್ತಾಗಿ ನೇಯ್ದ, ಸ್ವಲ್ಪ ಗಾಢ ಬಣ್ಣದ, ಸಡಿಲವಾದ ಉದ್ದ ತೋಳಿನ ಅಂಗಿ ಉತ್ತಮ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ; ಆಚೆಯ ಬೆಳಕು ಧಾರಾಳವಾಗಿ ಕಂಡರೆ ಬಿಸಿಲೂ ಹಾಗೆಯೇ ಒಳಗೆ ಬರುತ್ತದೆ. ಕ್ರಿಕೆಟ್ ಟೊಪ್ಪಿ ಹಣೆಗೆ ನೆರಳು ಕೊಟ್ಟರೂ ಕಿವಿ, ಕುತ್ತಿಗೆಯ ಹಿಂಭಾಗವನ್ನು ಬಿಟ್ಟುಬಿಡುತ್ತದೆ. ತೋಟದ ಕೆಲಸಕ್ಕೆ ನಮ್ಮ ಹಿರಿಯರು ಧರಿಸುತ್ತಿದ್ದ ಅಡಿಕೆ ಹಾಳೆಯ ಮುಟ್ಟಾಳೆಯೂ ತಲೆಯನ್ನು ಕಾಯುತ್ತಿತ್ತೇ ಹೊರತು ಕಿವಿಯನ್ನಲ್ಲ. ಸುತ್ತ ಅಂಚಿರುವ ಟೊಪ್ಪಿಯೇ ಮಕ್ಕಳಿಗೆ ಸೂಕ್ತ.

ಆರು ತಿಂಗಳೊಳಗಿನ ಶಿಶುಗಳಿಗೆ ಸನ್‌ಸ್ಕ್ರೀನ್ ಬೇಡ ಎಂಬುದು ಸಾಮಾನ್ಯ ನಿಯಮ. ತೂಕಕ್ಕೆ ಹೋಲಿಸಿದರೆ ಶಿಶುವಿನ ಚರ್ಮದ ವಿಸ್ತಾರ ಹೆಚ್ಚು. ಹಚ್ಚಿದ್ದು ರಕ್ತಕ್ಕೆ ಸೇರುವ ಪ್ರಮಾಣವೂ ಹೆಚ್ಚಾಗಬಹುದು. ಅವರನ್ನು ನೇರ ಬಿಸಿಲಿಗೆ ಒಯ್ಯದಿರುವುದೇ ಸರಿ. ನೆರಳು, ಬಟ್ಟೆ ಎರಡೂ ಸಾಲದ ಸಂದರ್ಭದಲ್ಲಿ ಮಾತ್ರ ಮುಖ, ಕೈ ಹಿಂಭಾಗಕ್ಕೆ ಸ್ವಲ್ಪ ಹಚ್ಚಬಹುದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಅದಕ್ಕೂ ಮೊದಲು ನಿಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು.

ಟ್ಯೂಬಿನ ಮೇಲಿನ ಅಕ್ಷರ, ಅಂಕಿಗಳ ಅರ್ಥ

ಎಸ್.ಪಿ.ಎಫ್. ಎಂಬುದು ಯು.ವಿ.ಬಿ. ಕಿರಣದಿಂದ ಚರ್ಮ ಸುಡದಂತೆ ಸಿಗುವ ರಕ್ಷಣೆಯ ಅಳತೆ. 15 ಎಂದಿದ್ದರೆ ಸುಮಾರು 93 ಶೇಕಡಾ, 30 ಎಂದಿದ್ದರೆ ಸುಮಾರು 97 ಶೇಕಡಾ, 50 ಎಂದಿದ್ದರೆ ಸುಮಾರು 98 ಶೇಕಡಾ ಕಿರಣ ತಡೆಯಲ್ಪಡುತ್ತದೆ. 30 ಇದ್ದದ್ದು 60 ಆದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಮಕ್ಕಳಿಗೆ 30ರಿಂದ 50ರ ಒಳಗಿನದು ಸಾಕು. ಅದಕ್ಕಿಂತ ದೊಡ್ಡ ಅಂಕಿಗೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಎಸ್.ಪಿ.ಎಫ್. ಯು.ವಿ.ಎ. ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅದಕ್ಕಾಗಿ 'ಬ್ರಾಡ್ ಸ್ಪೆಕ್ಟ್ರಮ್' ಎಂಬ ಮಾತು ಅಥವಾ ಪಿ.ಎ. ಎಂಬ ಅಕ್ಷರಗಳ ಮುಂದೆ ಪ್ಲಸ್ ಚಿಹ್ನೆಗಳನ್ನು ನೋಡಬೇಕು. ಪಿ.ಎ. ಜಪಾನಿನಲ್ಲಿ 1996ರಲ್ಲಿ ಬಂದ ಪದ್ಧತಿ. ನಮ್ಮ ದೇಶದ ಟ್ಯೂಬ್‌ಗಳಲ್ಲಿಯೂ ಇದೇ ಹೆಚ್ಚು. ಮೂರು ಅಥವಾ ನಾಲ್ಕು ಪ್ಲಸ್ ಇದ್ದರೆ ಉತ್ತಮ. ನೀರಿನಲ್ಲಿ ಆಡುವ, ಬೆವರುವ ಮಕ್ಕಳಿಗೆ 'ವಾಟರ್ ರೆಸಿಸ್ಟೆಂಟ್' ಎಂದಿರುವುದನ್ನು ಆರಿಸಬೇಕು. ಆದರೆ ಇದರ ಅರ್ಥ ನೀರಿನಲ್ಲಿ 40 ಅಥವಾ 80 ನಿಮಿಷ ಉಳಿಯುತ್ತದೆ ಎಂದಷ್ಟೇ. ಇಡೀ ದಿನ ಉಳಿಯುವ ಸನ್‌ಸ್ಕ್ರೀನ್ ಎಂಬುದು ಇಲ್ಲ.

ಒಳಗಿರುವ ವಸ್ತುಗಳಲ್ಲಿ ಎರಡು ಬಗೆ

ಸನ್‌ಸ್ಕ್ರೀನ್‌ಗಳಲ್ಲಿ ಖನಿಜದ ಬಗೆ ಮತ್ತು ರಾಸಾಯನಿಕ ಬಗೆ ಎಂದು ಎರಡು. ಖನಿಜದ ಬಗೆಯಲ್ಲಿ ಇರುವುದು ಝಿಂಕ್ ಆಕ್ಸೈಡ್, ಟೈಟೇನಿಯಂ ಡಯಾಕ್ಸೈಡ್ ಎಂಬ ಎರಡು ಬಿಳಿಯ ಪುಡಿಗಳು. ತುರಿಕೆಗೆ ಹಚ್ಚುವ ಕ್ಯಾಲಮೈನ್‌ನಲ್ಲಿ ಇರುವುದೂ ಇದೇ ಝಿಂಕ್ ಆಕ್ಸೈಡ್. ಇವು ಚರ್ಮದ ಮೇಲೆಯೇ ಉಳಿಯುತ್ತವೆ, ತುರಿಕೆ, ಅಲರ್ಜಿ ಉಂಟುಮಾಡುವುದು ಕಡಿಮೆ. ಹಚ್ಚಿದಾಗ ಮುಖ ಬೂದು ಬಳಿದಂತೆ ಕಾಣುವುದೊಂದೇ ಇವುಗಳ ತೊಂದರೆ. ರಾಸಾಯನಿಕ ಬಗೆಯವು ಕಿರಣವನ್ನು ಹೀರಿಕೊಳ್ಳುತ್ತವೆ. ಹಚ್ಚಲು ಹಗುರ, ಬಿಳಿ ಕಾಣುವುದಿಲ್ಲ. ಆದರೆ ಕಣ್ಣಿಗೆ ಹೋದರೆ ಉರಿ, ಕೆಲವರಿಗೆ ಅಲರ್ಜಿ.

ಇವುಗಳ ಸುರಕ್ಷತೆಯ ಬಗ್ಗೆ ಚರ್ಚೆ ಹೆಚ್ಚಿದ್ದು 2019ರಲ್ಲಿ. ಆ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 24 ಮಂದಿ ವಯಸ್ಕರ ಮೈಯ ಮುಕ್ಕಾಲು ಭಾಗಕ್ಕೆ ದಿನಕ್ಕೆ ನಾಲ್ಕು ಬಾರಿ ಸನ್‌ಸ್ಕ್ರೀನ್ ಹಚ್ಚಿ ಪರೀಕ್ಷಿಸಿದಾಗ, ನಾಲ್ಕು ರಾಸಾಯನಿಕಗಳು ರಕ್ತದಲ್ಲಿ ಕಂಡುಬಂದವು. 2020ರಲ್ಲಿ 48 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಆರು ರಾಸಾಯನಿಕಗಳಿಗೆ ಇದೇ ಫಲಿತಾಂಶ ಬಂತು. ರಕ್ತಕ್ಕೆ ಸೇರಿತು ಎಂದ ಮಾತ್ರಕ್ಕೆ ಹಾನಿಯಾಯಿತು ಎಂದರ್ಥವಲ್ಲ, ಸನ್‌ಸ್ಕ್ರೀನ್ ಬಳಕೆ ನಿಲ್ಲಿಸಬೇಡಿ ಎಂದು ಅದೇ ಸಂಸ್ಥೆ ಹೇಳಿತು. ಆದರೆ 2019ರ ತನ್ನ ಪ್ರಸ್ತಾವದಲ್ಲಿ ಸುರಕ್ಷಿತ, ಪರಿಣಾಮಕಾರಿ ಎಂದು ಒಪ್ಪಲು ಸಾಕಷ್ಟು ಮಾಹಿತಿ ಇದೆ ಎಂದು ಅದು ಗುರುತಿಸಿದ್ದು ಝಿಂಕ್ ಆಕ್ಸೈಡ್ ಮತ್ತು ಟೈಟೇನಿಯಂ ಡಯಾಕ್ಸೈಡ್ ಎರಡನ್ನು ಮಾತ್ರ. 12 ರಾಸಾಯನಿಕಗಳಿಗೆ ಇನ್ನೂ ಮಾಹಿತಿ ಬೇಕೆಂದಿತು.

ಆಕ್ಸಿಬೆಂಝೋನ್ ಎಂಬುದರ ಮೇಲೆ ಅನುಮಾನ ಹೆಚ್ಚು. ದೇಹದ ಹಾರ್ಮೋನುಗಳ ಕೆಲಸಕ್ಕೆ ಅದು ಅಡ್ಡಿಯಾಗಬಹುದೇ ಎಂಬುದು ಪ್ರಶ್ನೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ಅದರ ಪ್ರಮಾಣವನ್ನು ಮೈಗೆ ಹಚ್ಚುವ ಸನ್‌ಸ್ಕ್ರೀನ್‌ಗಳಲ್ಲಿ 2.2 ಶೇಕಡಾಕ್ಕೆ, ಮುಖ ಮತ್ತು ಕೈಗೆ ಹಚ್ಚುವವುಗಳಲ್ಲಿ 6 ಶೇಕಡಾಕ್ಕೆ ಮಿತಿಗೊಳಿಸಿತು. ಹವಾಯಿ ದ್ವೀಪಗಳಲ್ಲಿ ಹವಳದ ರಕ್ಷಣೆಗಾಗಿ ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳ ಮಾರಾಟ 2021ರ ಜನವರಿ 1ರಿಂದ ನಿಷೇಧವಾಗಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ, ಲಕ್ಷದ್ವೀಪದಲ್ಲಿ ಹವಳವಿರುವ ನಮ್ಮ ಕಡಲಿಗೂ ಇದು ನೆನಪಿಡಬೇಕಾದ ಸಂಗತಿ. ಟ್ಯೂಬಿನ ಹಿಂದೆ ಆಕ್ಸಿಬೆಂಝೋನ್ 'ಬೆಂಝೋಫಿನೋನ್-3' ಎಂಬ ಹೆಸರಿನಲ್ಲಿಯೂ ಇರಬಹುದು, ಎರಡೂ ಒಂದೇ.

ಆದುದರಿಂದ ಸಣ್ಣ ಮಕ್ಕಳಿಗೆ ಝಿಂಕ್ ಆಕ್ಸೈಡ್ ಮುಖ್ಯವಾಗಿರುವ ಖನಿಜದ ಕ್ರೀಮ್ ಮೊದಲ ಆಯ್ಕೆ. ಅದು ಸಿಗದಿದ್ದಾಗ, ಮಗು ಕಡಲತಡಿಯಲ್ಲಿ ಸುಡುವ ಬದಲು ಆಕ್ಸಿಬೆಂಝೋನ್ ಇಲ್ಲದ ಬೇರೊಂದನ್ನು ಹಚ್ಚುವುದೇ ಮೇಲು. ಸನ್‌ಸ್ಕ್ರೀನ್ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 1992ರಿಂದ 1,621 ಮಂದಿ ವಯಸ್ಕರ ಮೇಲೆ ನಡೆದ ಅಧ್ಯಯನದಲ್ಲಿ, ದಿನವೂ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು 40 ಶೇಕಡಾ ಕಡಿಮೆಯಾಯಿತು. ಅವರು ಬಿಳಿ ಚರ್ಮದವರು ಎಂಬುದು ನಿಜ. ಆದರೆ ಕ್ರೀಮ್ ಕಿರಣವನ್ನು ತಡೆಯುವ ಬಗೆ ಎಲ್ಲ ಚರ್ಮಕ್ಕೂ ಒಂದೇ.

ಇವುಗಳಿಂದ ದೂರವಿರಿ

ಮೊದಲನೆಯದಾಗಿ ಸ್ಪ್ರೇ. ಮಕ್ಕಳು ಉಸಿರಿನೊಂದಿಗೆ ಅದನ್ನು ಒಳಗೆ ಎಳೆದುಕೊಳ್ಳುತ್ತಾರೆ. ಗಾಳಿ ಬೀಸುವಾಗ ಮೈಗೆ ಬೀಳದೆ ಗಾಳಿಗೆ ಹೋಗುವುದೂ ಬಹಳ. ಅಮೆರಿಕದಲ್ಲಿ 2021ರ ಜುಲೈಯಲ್ಲಿ ಬೆಂಝೀನ್ ಎಂಬ ಕ್ಯಾನ್ಸರ್‌ಕಾರಕ ವಸ್ತು ಕಂಡುಬಂದುದರಿಂದ ಕೆಲವು ಸನ್‌ಸ್ಕ್ರೀನ್ ಸ್ಪ್ರೇಗಳನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಲಾಗಿತ್ತು. ಕ್ರೀಮ್ ಅಥವಾ ಲೋಶನ್ ಸಾಕು.

ಎರಡನೆಯದು ಸುಗಂಧ. ಪರಿಮಳ ಹೆಚ್ಚಿದಷ್ಟು ಚರ್ಮ ತುರಿಸುವ ಸಾಧ್ಯತೆ ಹೆಚ್ಚು.

ಮೂರನೆಯದು ಸೊಳ್ಳೆ ಓಡಿಸುವ ಔಷಧವೂ ಸೇರಿರುವ ಸನ್‌ಸ್ಕ್ರೀನ್. ಮಲೇರಿಯಾ, ಡೆಂಗ್ಯೂ ಕಾಟವಿರುವ ನಮ್ಮ ಜಿಲ್ಲೆಗಳಲ್ಲಿ ಇದು ಅನುಕೂಲವೆಂದು ತೋರಬಹುದು. ಆದರೆ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಬೇಕು, ಸೊಳ್ಳೆಯ ಔಷಧವನ್ನು ಅಷ್ಟು ಸಲ ಹಚ್ಚಬಾರದು. ಎರಡನ್ನೂ ಬೇರೆ ಬೇರೆಯಾಗಿಯೇ ಕೊಳ್ಳಬೇಕು. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆಯ ಔಷಧ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: 'ವೈಟ್ನಿಂಗ್', 'ಫೇರ್‌ನೆಸ್', 'ಬ್ರೈಟ್ನಿಂಗ್' ಎಂದು ಬರೆದಿರುವ ಯಾವ ಸನ್‌ಸ್ಕ್ರೀನೂ ಮಕ್ಕಳಿಗೆ ಬೇಡ. ಬಿಳುಪಿನ ಹೆಸರಿನಲ್ಲಿ ವಿಳಾಸವಿಲ್ಲದೆ ಮಾರಾಟವಾಗುವ ಕ್ರೀಮ್‌ಗಳಲ್ಲಿ ಪಾದರಸ, ಸ್ಟೀರಾಯ್ಡ್‌ಗಳು ಸಿಕ್ಕಿದ ಉದಾಹರಣೆಗಳು ಬಹಳ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯ 22 ರೋಗಿಗಳನ್ನು ವೈದ್ಯರು ಪರಿಶೀಲಿಸಿದಾಗ 15 ಮಂದಿಯಲ್ಲಿ ಅದರ ಅಪರೂಪದ ರೂಪ ಕಂಡುಬಂತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಬಳಸುತ್ತಿದ್ದವರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡವನ್ನು ತಲಪಿತ್ತು.

ನಂಬಿ ಕೊಳ್ಳುವುದು ಹೇಗೆ?

ಟ್ಯೂಬಿನ ಮೇಲಿನ ಅಂಕಿ ಯಾವಾಗಲೂ ನಿಜವಾಗಿರುತ್ತದೆ ಎನ್ನಲಾಗದು. 2025ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಗ್ರಾಹಕರ ಸಂಸ್ಥೆ 'ಚಾಯ್ಸ್' 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷಿಸಿದಾಗ 16 ತಮ್ಮ ಮೇಲೆ ಮುದ್ರಿಸಿದ ಎಸ್.ಪಿ.ಎಫ್. ತಲಪಲಿಲ್ಲ. 50 ದಾಟುತ್ತದೆ ಎಂದು ಬರೆದಿದ್ದ ಒಂದರಲ್ಲಿ ಸಿಕ್ಕಿದ್ದು ಕೇವಲ 4. ನಿಯಮ ಬಿಗಿಯಾಗಿರುವ ದೇಶದಲ್ಲಿಯೇ ಹೀಗಿರುವಾಗ, ಕ್ರೀಮ್ ಒಂದನ್ನೇ ನಂಬಿ ಮಗುವನ್ನು ಗಂಟೆಗಟ್ಟಲೆ ಬಿಸಿಲಿಗೆ ಬಿಡಬಾರದು.

ನಮ್ಮ ದೇಶದಲ್ಲಿ ಸನ್‌ಸ್ಕ್ರೀನ್‌ಗಳನ್ನು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆ, 2020ರ ಸೌಂದರ್ಯವರ್ಧಕ ನಿಯಮಗಳ ಅಡಿಯಲ್ಲಿ ಮಾರಲಾಗುತ್ತದೆ. ತಯಾರಕರ ಹೆಸರು, ವಿಳಾಸ, ಪರವಾನಿಗೆ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿನ ವಸ್ತುಗಳ ಪಟ್ಟಿ, ಬಳಕೆಯ ಕೊನೆಯ ದಿನಾಂಕ ಲೇಬಲ್‌ನಲ್ಲಿರಬೇಕು. ಹೊರದೇಶದ್ದಾದರೆ ಆಮದಿನ ನೋಂದಣಿ ಸಂಖ್ಯೆ ಇರಬೇಕು. ಇವಿಲ್ಲದ್ದನ್ನು ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಬಂಧುಗಳು ತಂದುಕೊಟ್ಟದ್ದಾದರೆ ದಿನಾಂಕವನ್ನು ತಪ್ಪದೆ ನೋಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಟ್ಯೂಬ್ ಇಟ್ಟರೆ ಅದು ಬೇಗ ಕೆಡುತ್ತದೆ. ನೀರು, ಎಣ್ಣೆ ಬೇರೆ ಬೇರೆಯಾಗಿದ್ದರೆ, ವಾಸನೆ ಬದಲಾಗಿದ್ದರೆ ಎಸೆಯಿರಿ.

ಹೊಸದನ್ನು ತಂದಾಗ ಮಗುವಿನ ಮುಂಗೈಯ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾಯಿರಿ. ಕೆಂಪು, ತುರಿಕೆ ಕಾಣದಿದ್ದರೆ ಮೈಗೆಲ್ಲ ಹಚ್ಚಬಹುದು.

ಎಷ್ಟು ಹಚ್ಚಬೇಕು?

ಒಳ್ಳೆಯದನ್ನು ಆರಿಸಿಯೂ ಅನೇಕರು ಎಡವುವುದು ಇಲ್ಲಿಯೇ. ಎಸ್.ಪಿ.ಎಫ್. ಪರೀಕ್ಷೆಯಲ್ಲಿ ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮ್ ಹಚ್ಚುತ್ತಾರೆ. ಮನೆಯಲ್ಲಿ ನಾವು ಹಚ್ಚುವುದು ಇದರ ಅರ್ಧ ಅಥವಾ ಕಾಲು ಭಾಗ. ಹಾಗಾದಾಗ 50ರ ಟ್ಯೂಬಿನಿಂದ 50ರ ರಕ್ಷಣೆ ಸಿಗುವುದಿಲ್ಲ.

ಎಂಟು ವರ್ಷದ ಮಗುವಿನ ಲೆಕ್ಕ ಹಾಕಿ ನೋಡೋಣ. ಅದರ ಚರ್ಮದ ವಿಸ್ತಾರ ಸುಮಾರು 9,000 ಚದರ ಸೆಂಟಿಮೀಟರ್. ಅರ್ಧ ತೋಳಿನ ಅಂಗಿ, ಚಡ್ಡಿ ಹಾಕಿದ್ದರೆ ಹೊರಗೆ ಕಾಣುವ ಭಾಗ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು. ಅದಕ್ಕೆ ಬೇಕಾಗುವ ಕ್ರೀಮ್ ಸುಮಾರು 7 ಗ್ರಾಂ, ಅಂದರೆ ಒಂದೂವರೆ ಟೀ ಚಮಚ. 50 ಗ್ರಾಮಿನ ಟ್ಯೂಬ್ ಏಳು ಸಲಕ್ಕೆ ಮುಗಿಯುತ್ತದೆ. ಒಂದು ಟ್ಯೂಬ್ ಇಡೀ ಬೇಸಿಗೆಗೆ ಬಂತೆಂದರೆ ನಾವು ಹಚ್ಚಿದ್ದು ಸಾಲಲಿಲ್ಲ ಎಂದೇ ಅರ್ಥ. ಅದೇ ಮಗುವಿಗೆ ಉದ್ದ ತೋಳಿನ ಅಂಗಿ, ಪ್ಯಾಂಟು ತೊಡಿಸಿದರೆ ಮುಖ, ಕುತ್ತಿಗೆ, ಕೈಗಳಿಗೆ ಅರ್ಧ ಟೀ ಚಮಚ ಸಾಕಾಗುತ್ತದೆ. ಬಡ ಕುಟುಂಬಕ್ಕೆ ದುಬಾರಿ ಟ್ಯೂಬಿಗಿಂತ ಒಂದು ಒಳ್ಳೆಯ ಅಂಗಿ ಹೆಚ್ಚು ಲಾಭದಾಯಕ ಎಂದು ನಾವು ಹೇಳುವುದು ಇದಕ್ಕಾಗಿಯೇ.

ಹೊರಗೆ ಹೋಗುವ 15ರಿಂದ 20 ನಿಮಿಷ ಮೊದಲು ಹಚ್ಚಬೇಕು. ಕಿವಿ, ಕುತ್ತಿಗೆಯ ಹಿಂಭಾಗ, ಪಾದದ ಮೇಲ್ಭಾಗ, ಮಂಡಿಯ ಹಿಂಭಾಗಗಳನ್ನು ಮರೆಯಬಾರದು. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದು ಮೈ ಒರೆಸಿಕೊಂಡ ಕೂಡಲೇ ಮತ್ತೆ ಹಚ್ಚಬೇಕು. ಮನೆಗೆ ಬಂದ ಮೇಲೆ ಸಾಬೂನು ಹಾಕಿ ತೊಳೆಯಬೇಕು. ಸನ್‌ಸ್ಕ್ರೀನ್ ಬಿಸಿಲಿನ ಆಘಾತವನ್ನು ತಡೆಯುವುದಿಲ್ಲ; ನೀರು, ಮಜ್ಜಿಗೆ, ಎಳನೀರು ಕುಡಿಸುತ್ತಲೇ ಇರಬೇಕು.

ಮನೆಮದ್ದು ಸಾಕೇ?

ತೆಂಗಿನೆಣ್ಣೆ, ಅರಿಶಿನ, ಶ್ರೀಗಂಧ ನಮ್ಮ ಮನೆಗಳ ಹಳೆಯ ಗೆಳೆಯರು. ತೆಂಗಿನೆಣ್ಣೆ ಒಣ ಚರ್ಮಕ್ಕೆ ಒಳ್ಳೆಯದು. ಆದರೆ ಪ್ರಯೋಗಾಲಯದ ಅತಿ ಉದಾರ ಫಲಿತಾಂಶದಲ್ಲಿಯೂ ಅದಕ್ಕೆ ಸಿಕ್ಕಿದ ಎಸ್.ಪಿ.ಎಫ್. 10ಕ್ಕಿಂತ ಕಡಿಮೆ. ನಡುಹಗಲಿನ ಕಡಲತಡಿಗೆ ಅದು ಸಾಲದು. ಕಪ್ಪಾದ ಚರ್ಮ ತಿಳಿಯಾಗಲೆಂದು ನಿಂಬೆರಸ ಉಜ್ಜುವುದಂತೂ ಅಪಾಯಕಾರಿ. ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಗುಳ್ಳೆ ಏಳಬಹುದು, ತಿಂಗಳುಗಟ್ಟಲೆ ಕಲೆ ಉಳಿಯಬಹುದು. ಬೇಸಿಗೆಯಲ್ಲಿ ಶರಬತ್ತಿಗೆ ನಿಂಬೆ ಹಿಂಡಿದ ಮಗು ಕೈ ತೊಳೆದೇ ಹೊರಗೆ ಹೋಗಲಿ.

ಚರ್ಮ ಸುಟ್ಟಿದ್ದರೆ ತಣ್ಣೀರ ಬಟ್ಟೆ ಇಡಿ, ಕುಡಿಯಲು ನೀರು ಕೊಡಿ. ಟೂತ್‌ಪೇಸ್ಟ್ ಹಚ್ಚಬೇಡಿ, ಗುಳ್ಳೆ ಒಡೆಯಬೇಡಿ. ಗುಳ್ಳೆ, ಜ್ವರ, ವಾಂತಿ ಇದ್ದರೆ, ಮಗು ಒಂದು ವರ್ಷದ ಒಳಗಿನದಾದರೆ ವೈದ್ಯರ ಬಳಿ ಒಯ್ಯಿರಿ.

ಬಿಸಿಲು ವೈರಿಯಲ್ಲ, ಬಣ್ಣವೂ ಅಲ್ಲ

'ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ' ಎಂಬ ಮಾತು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಕಿವಿಗೆ ಬೀಳುವುದು ಬಹಳ ಬೇಗ. ಕ್ರೀಡಾಕೂಟ ಮುಗಿಸಿ ಪದಕ ಹಿಡಿದು ಬಂದ ಹುಡುಗಿಗೆ ಮೊದಲು ಸಿಗುವುದು ಮುಖ ಕಪ್ಪಾಯಿತಲ್ಲ ಎಂಬ ಉದ್ಗಾರವಾದರೆ, ಮರುವರ್ಷ ಅವಳು ಓಟಕ್ಕೆ ಹೆಸರು ಕೊಡುವುದಿಲ್ಲ. ಬಿಸಿಲಿಗೆ ಚರ್ಮ ಕಂದುವುದು ಅದು ತನ್ನನ್ನು ತಾನು ಕಾಯುವ ವಿಧಾನ. ಕೆಲವು ವಾರಗಳಲ್ಲಿ ಅದು ಹಿಂದಿನಂತಾಗುತ್ತದೆ. ಆಡಬೇಕಾದ ವಯಸ್ಸಿನಲ್ಲಿ ಮನೆಯೊಳಗೆ ಕಳೆದ ವರ್ಷಗಳು ಹಾಗೆ ಹಿಂದೆ ಬರುವುದಿಲ್ಲ.

2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ ವಿಟಮಿನ್ 'ಡಿ' ಕೊರತೆ 5ರಿಂದ 9 ವರ್ಷದ ಮಕ್ಕಳಲ್ಲಿ 18 ಶೇಕಡಾ, 10ರಿಂದ 19 ವರ್ಷದವರಲ್ಲಿ 24 ಶೇಕಡಾ ಇತ್ತು. ಬಿಸಿಲು ಧಾರಾಳವಾಗಿರುವ ದೇಶದಲ್ಲಿ ಎಲುಬಿಗೆ ಬೇಕಾದ ಈ ಸತ್ವಕ್ಕೆ ಕೊರತೆ! ಮಕ್ಕಳನ್ನು ಹೊರಗೆ ಬಿಡಬೇಕು, ಆದರೆ ಹೊತ್ತು ನೋಡಿ, ಮೈ ಮುಚ್ಚಿ, ಬೇಕಾದಲ್ಲಿ ಕ್ರೀಮ್ ಹಚ್ಚಿ ಬಿಡಬೇಕು.

ಅಂಗಡಿಗೆ ಹೋಗುವಾಗ ಈ ಪಟ್ಟಿ ನೆನಪಿನಲ್ಲಿರಲಿ:

- ಮಗುವಿಗೆ ಆರು ತಿಂಗಳು ದಾಟಿದೆಯೇ?
- ಝಿಂಕ್ ಆಕ್ಸೈಡ್ ಇದೆಯೇ? ಆಕ್ಸಿಬೆಂಝೋನ್ ಅಥವಾ ಬೆಂಝೋಫಿನೋನ್-3 ಇಲ್ಲ ತಾನೇ?
- ಎಸ್.ಪಿ.ಎಫ್. 30ರಿಂದ 50, ಬ್ರಾಡ್ ಸ್ಪೆಕ್ಟ್ರಮ್ ಅಥವಾ ಪಿ.ಎ. ಮೂರು ಪ್ಲಸ್ ಇದೆಯೇ?
- ನೀರಿಗಿಳಿಯುವುದಾದರೆ ವಾಟರ್ ರೆಸಿಸ್ಟೆಂಟ್ ಹೌದೇ?
- ಕ್ರೀಮ್ ಅಥವಾ ಲೋಶನ್ ಆಗಿದೆಯೇ? ಸುಗಂಧ, ಬಿಳುಪಿನ ಮಾತು, ಸೊಳ್ಳೆಯ ಔಷಧ ಇಲ್ಲವಷ್ಟೇ?
- ಪರವಾನಿಗೆ ಸಂಖ್ಯೆ, ಕೊನೆಯ ದಿನಾಂಕ ಸ್ಪಷ್ಟವಾಗಿವೆಯೇ?

ಇಷ್ಟಕ್ಕೂ ಉತ್ತರ ಸರಿಯಿದ್ದರೆ ಟ್ಯೂಬಿನ ಮೇಲೆ ಆಮೆಯ ಚಿತ್ರ ಇರಲಿ, ಇಲ್ಲದಿರಲಿ, ಕೊಳ್ಳಬಹುದು. ಹಿಂದಿರುಗುವ ದಾರಿಯಲ್ಲಿ ಅಗಲ ಅಂಚಿನ ಟೊಪ್ಪಿಯೊಂದನ್ನೂ ಕೊಳ್ಳಲು ಮರೆಯದಿರಿ. ಚರ್ಮದ ಕಾಯಿಲೆ, ಅಲರ್ಜಿ ಇರುವ ಮಕ್ಕಳ ಹೆತ್ತವರು ಈ ಲೇಖನವನ್ನು ವೈದ್ಯರ ಸಲಹೆಗೆ ಬದಲಿಯಾಗಿ ತೆಗೆದುಕೊಳ್ಳಬಾರದಾಗಿ ವಿನಂತಿ.